ಕಾಶಿಗೆ ಮೊದಲು ಎರಡು ದಿನ

ಮೈಸೂರಿನಲ್ಲಿ ಮನೆ ಮಾಡಿಕೊಂಡಿರುವವರಿಗೆ ಒಂದು ಭಾಗ್ಯ, ಒಂದು ಪೇಚು. ನಾಡಿನವರೆಲ್ಲ ನೋಡಬೇಕೆಂದು ಹಂಬಲಿಸುವ ಸ್ಥಳಗಳು ಗಂಟೆ ಹೊತ್ತಿನ ದಾರಿಯಲ್ಲೇ ಇರುವುದು ಭಾಗ್ಯ. ಅವುಗಳನ್ನು ನೋಡಲು ಬರುವ ನಂಟರಿಷ್ಟರೆಲ್ಲ ನಮ್ಮ ಮನೆಯಲ್ಲೇ ಇಳಿದುಕೊಳ್ಳುವುದು ಪೇಚು! ದಸರೆಗೆ ಬರುವವರು, ಬೇಸಗೆಯ ರಜೆಗೆ ಬರುವವರು, ಮದುವೆಗೆಂದು ಬಂದು ಮತ್ತೆರಡು ದಿನ ಉಳಿಯುವವರು. ಇವರೆಲ್ಲರಿಗಾಗಿ ಬೆಳಗಿನ ಜಾವ ಎದ್ದು ಬುತ್ತಿ ಕಟ್ಟಿ, ಫ್ಲಾಸ್ಕಿಗೆ ಕಾಫಿ ತುಂಬಿ, ಬಾಗಿಲಲ್ಲಿ ನಿಂತು ಕಳುಹಿಸಿಕೊಟ್ಟು, ಸಂಜೆ ಅವರು ದಣಿದು ಬರುವ ವೇಳೆಗೆ ಬಿಸಿ ಸಾರು ಮಾಡಿಟ್ಟಿರಬೇಕಾದವಳು ಮನೆಯೊಡತಿ. ನೋಡಿ ಬಂದವರು ನೋಡಿದ್ದನ್ನು ವರ್ಣಿಸುತ್ತಾರೆ. ಅವಳು ಬಡಿಸುತ್ತ ಕೇಳುತ್ತಾಳೆ.

ನಮ್ಮ ಅತ್ತೆಯವರು ಈ ಊರಿಗೆ ಸೊಸೆಯಾಗಿ ಬಂದು 52 ವರ್ಷಗಳಾದುವು. ಸೋಮನಾಥಪುರಕ್ಕೆಂದು ಅವರು ಕಟ್ಟಿಕೊಟ್ಟ ಪುಳಿಯೋಗರೆಯ ಡಬ್ಬಿಗಳಿಗೆ ಲೆಕ್ಕವಿಲ್ಲ. ಆದರೆ ಸೋಮನಾಥಪುರವನ್ನು ಮಾತ್ರ ಅವರು ನೋಡಿರಲಿಲ್ಲ. ರಂಗನತಿಟ್ಟಿನ ಹಕ್ಕಿಗಳನ್ನು ಪತ್ರಿಕೆಯ ಚಿತ್ರಗಳಲ್ಲಷ್ಟೇ ಕಂಡಿದ್ದರು. ಯಾರಾದರೂ ಆ ಮಾತೆತ್ತಿದರೆ, "ಎಲ್ಲಿಗೆ ಓಡಿ ಹೋಗುತ್ತೆ? ಇಲ್ಲೇ ಇರುತ್ತಲ್ಲ" ಎಂದು ನಕ್ಕುಬಿಡುತ್ತಿದ್ದರು. ಅವರ ಮನಸ್ಸಿದ್ದುದೆಲ್ಲ ದೂರದ ಕಾಶಿಯ ಮೇಲೆ.

ಆ ಕಾಶಿಯೋ, ಮುಂದೆ ಮುಂದೆ ಸರಿಯುತ್ತಲೇ ಹೋಯಿತು. ಮಾವನವರು ನಿವೃತ್ತರಾದ ವರ್ಷ ಹೊರಡಬೇಕೆಂದಿತ್ತು. ಆ ವರ್ಷ ನಾದಿನಿಯ ಬಾಣಂತನ ಬಂದಿತು. ಮರುವರ್ಷ ಮನೆಯ ರಿಪೇರಿ. ಆಮೇಲೆ ಮಾವನವರೇ ತೀರಿಹೋದರು. 2020ರ ಮಾರ್ಚಿನಲ್ಲಿ ಟಿಕೆಟ್ಟುಗಳು ಕೈಯಲ್ಲಿದ್ದುವು. ಇಡೀ ದೇಶವೇ ಬಾಗಿಲು ಹಾಕಿಕೊಂಡಿತು. ಕಡೆಗೆ ಕಳೆದ ಫೆಬ್ರವರಿಯ ಒಂದು ಮಂಗಳವಾರಕ್ಕೆ ರೈಲಿನಲ್ಲಿ ಸ್ಥಳಗಳು ದೊರೆತಾಗ ಅತ್ತೆಯವರಿಗೆ 74 ತುಂಬಿತ್ತು. ಅವರ ಬಲಮಂಡಿ ಮುಷ್ಕರ ಹೂಡಿ ಎರಡು ವರ್ಷವಾಗಿತ್ತು.

ಕಾಶಿಯೆಂದರೆ ಸುಮಾರು ಎರಡು ದಿನಗಳ ರೈಲು ಪ್ರಯಾಣ. ಹೋಗಿ ಇಳಿದರೆ ಗಂಗೆಯ ಉದ್ದಕ್ಕೂ 80ಕ್ಕೂ ಹೆಚ್ಚು ಘಾಟುಗಳು. ನೀರು ಮುಟ್ಟಬೇಕಾದರೆ ಮೆಟ್ಟಿಲುಗಳ ಮೇಲೆ ಮೆಟ್ಟಿಲು. "ಕರೆದುಕೊಂಡು ಹೋಗಬಹುದೆ?" ಎಂದು ನಮ್ಮವರು ವೈದ್ಯರನ್ನು ಕೇಳಿದರು. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಹೊರಡುವ ಮೊದಲು ಎರಡು ದಿನ ಊರ ಸುತ್ತಮುತ್ತ ಓಡಾಡಿಸಿ ನೋಡಿ. ಮೂರನೆಯ ದಿನ ಬೆಳಗ್ಗೆ ಮಂಡಿ ಏನು ಹೇಳುತ್ತದೆಯೋ ಅದೇ ನನ್ನ ಮಾತು" ಎಂದರು.

ಹೀಗೆ ಆ ಶನಿವಾರ, ಭಾನುವಾರಗಳು ನಮ್ಮ ಪಾಲಿಗೆ ಬರಿಯ ವಿಹಾರದ ದಿನಗಳಾಗಿ ಉಳಿಯಲಿಲ್ಲ. ಸೋಮವಾರ ಬೆಳಗ್ಗೆ ಟಿಕೆಟ್ಟುಗಳನ್ನು ಉಳಿಸಿಕೊಳ್ಳುವುದೋ ಹಿಂದಿರುಗಿಸುವುದೋ ನಿರ್ಧಾರವಾಗಬೇಕಾಗಿತ್ತು.

ಬೆಟ್ಟದಿಂದ ಇಳಿದ ಬಗೆ

ಶನಿವಾರ ಹೊತ್ತು ಹುಟ್ಟುವ ಮುನ್ನವೇ ಬಾಡಿಗೆ ಕಾರು ಬಂದು ನಿಂತಿತು. ಮೈಸೂರಿನವರು ಯಾವ ಪ್ರಯಾಣಕ್ಕೆ ಹೊರಟರೂ ಮೊದಲ ವಂದನೆ ಚಾಮುಂಡೇಶ್ವರಿಗೆ. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 3,500 ಅಡಿ. ಅಡಿಯಿಂದ ನೆತ್ತಿಯವರೆಗೆ ಸಾವಿರ ಮೆಟ್ಟಿಲುಗಳಿವೆ. 17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದುವೆಂದು ಪ್ರತೀತಿ. ಮೇಲಿನಿಂದ ಸುಮಾರು 300 ಮೆಟ್ಟಿಲು ಇಳಿದರೆ ಅದೇ ಅರಸರ ಕಾಲದ ನಂದಿ. ಒಂದೇ ಬಂಡೆಯಲ್ಲಿ ಕಡೆದ, 16 ಅಡಿ ಎತ್ತರದ ಬಸವ ಅದು.

ದರ್ಶನವಾಯಿತು. ಕಾರಿನಲ್ಲೇ ನಂದಿಯ ಬಳಿಗೆ ಹೋಗಬಹುದಾಗಿತ್ತು. ಅತ್ತೆಯವರು ಒಪ್ಪಲಿಲ್ಲ. "ಕಾಶಿಯಲ್ಲಿ ಗಂಗೆಯ ತನಕ ಕಾರು ಬರುತ್ತದೇನೋ? ಮೆಟ್ಟಿಲಲ್ಲೇ ಇಳೀತೀನಿ" ಎಂದು ಮಗನಿಗೆ ಹೇಳಿ ಊರುಗೋಲು ತೆಗೆದುಕೊಂಡರು.

ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮೈಯ ಭಾರವೆಲ್ಲ ಮುಂದಿಟ್ಟ ಕಾಲಿನ ಮೇಲೆ ಬೀಳುತ್ತದೆ. ಹನ್ನೆರಡು ವರ್ಷದ ನಮ್ಮ ಮಗಳು ಅಜ್ಜಿಯ ಎಡಗೈ ಹಿಡಿದು ಎಣಿಸತೊಡಗಿದಳು. ಮೊದಲ ಐವತ್ತು ಮೆಟ್ಟಿಲು ಮಾತಿನಲ್ಲೇ ಮುಗಿದುವು. ನೂರಾಗುವ ವೇಳೆಗೆ ಮಾತು ನಿಂತಿತು. ಅಲ್ಲಿಂದ ಪ್ರತಿ ಇಪ್ಪತ್ತು ಮೆಟ್ಟಿಲಿಗೊಮ್ಮೆ ಕುಳಿತರು. ಕುಳಿತಾಗಲೆಲ್ಲ ಮರಗಳ ಸಂದಿನಲ್ಲಿ ಊರು ಕಾಣುತ್ತಿತ್ತು: ಮಂಜಿನಲ್ಲಿ ಬೆಳ್ಳಗೆ ತೇಲುವಂತಿದ್ದ ಲಲಿತಮಹಲು, ಕನ್ನಡಿಯ ಚೂರಿನಂತೆ ಕಾರಂಜಿ ಕೆರೆ, ಹೊಂಬಣ್ಣಕ್ಕೆ ತಿರುಗುತ್ತಿದ್ದ ಅರಮನೆಯ ಗೋಪುರ. ಓಡುತ್ತ ಇಳಿಯುವ ಹುಡುಗರಿಗೆ ಇದಾವುದೂ ಕಾಣಲಾರದು. ನಂದಿಯ ಮುಂದೆ ನಿಂತಾಗ ಮುಕ್ಕಾಲು ಗಂಟೆ ಕಳೆದಿತ್ತು. ಅತ್ತೆಯವರು ಬಸವನಿಗೆ ಕೈಮುಗಿದು, "ನಿನ್ನ ಹಾಗೆ ಕಾಲು ಮಡಿಸಿ ಕೂರುವ ಭಾಗ್ಯ ನನಗಿಲ್ಲವಪ್ಪ" ಎಂದರು.

ಮಲ್ಲಿತಮ್ಮನ ಊರಿನಲ್ಲಿ

ಮೈಸೂರಿನಿಂದ ಬನ್ನೂರಿನ ಮೇಲೆ ಸೋಮನಾಥಪುರಕ್ಕೆ ಸುಮಾರು 35 ಕಿಲೋಮೀಟರು. ಕಾವೇರಿಯ ನಾಲೆಗಳಿಂದ ತಂಪಾದ ಸೀಮೆ. ಕಬ್ಬು, ಬತ್ತ, ತೆಂಗು. ದಾರಿಯಲ್ಲಿ ಗಿಡ್ಡಕಾಲಿನ ಬನ್ನೂರು ಕುರಿಗಳ ಹಿಂಡು ಅಡ್ಡಬಂದು ಐದು ನಿಮಿಷ ನಮ್ಮನ್ನು ನಿಲ್ಲಿಸಿತು.

ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು ತನ್ನ ಹೆಸರಿನಲ್ಲಿ ಅಗ್ರಹಾರವನ್ನು ನೆಲೆಗೊಳಿಸಿ, 1258ರಲ್ಲಿ ಕೇಶವ ದೇವಾಲಯವನ್ನು ಪ್ರತಿಷ್ಠೆ ಮಾಡಿಸಿದನು. ಬಾಗಿಲಲ್ಲೇ ಅದನ್ನು ಸಾರುವ ಶಿಲಾಶಾಸನವಿದೆ. ಒಳಗೆ ಕಾಲಿಟ್ಟರೆ ಸುತ್ತಲೂ ಕಂಬಗಳ ಕೈಸಾಲೆ, ನಡುವೆ ನಕ್ಷತ್ರಾಕಾರದ ಜಗತಿಯ ಮೇಲೆ ಮೂರು ಗೋಪುರಗಳ ಗುಡಿ. ವಿಗ್ರಹಗಳು ಭಗ್ನವಾದುದರಿಂದ ಇಲ್ಲಿ ಪೂಜೆಯಿಲ್ಲ. ಬೇಲೂರು, ಹಳೇಬೀಡುಗಳೊಡನೆ 2023ರಲ್ಲಿ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ದೊಡ್ಡ ದೇವಾಲಯವಲ್ಲ. ಅದೇ ಅದರ ಗುಣ. ಮಂಡಿನೋವಿನವರೂ ಒಂದು ಪ್ರದಕ್ಷಿಣೆ ಮಾಡಬಹುದು, ಮಾಡಿದಷ್ಟೂ ನೋಡಲಿಕ್ಕಿದೆ. ಬಳಪದ ಕಲ್ಲಿನ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು, ಮಕರಗಳು, ಹಂಸಗಳು. ಒಟ್ಟು ಆರು ಪಟ್ಟಿಕೆಗಳು. ಎಡದಿಂದ ಬಲಕ್ಕೆ ಸುತ್ತಿಬಂದರೆ ದಕ್ಷಿಣದ ಕಡೆ ರಾಮಾಯಣ, ಹಿಂಭಾಗದಲ್ಲಿ ಭಾಗವತ, ಉತ್ತರದ ಕಡೆ ಮಹಾಭಾರತ. ಓದುಬರಹ ಬಾರದವರೂ ಓದಿಕೊಳ್ಳುವ ಪುಸ್ತಕ. ನಮ್ಮ ಮಗಳಿಗೆ ಕಥೆಗಳನ್ನು ಗುರುತಿಸಿ ಹೇಳಿದವರು ಅತ್ತೆಯವರು. ಮಾರ್ಗದರ್ಶಿಯು ಎರಡು ಸಲ ಬಾಯಿ ತೆರೆದು, ಇವರು ಮುಂದಾಗಿಯೇ ಹೇಳಿಬಿಟ್ಟದ್ದರಿಂದ, ನಗುತ್ತ ಸುಮ್ಮನಾದ.

ಒಳಗಿನ ಮಬ್ಬಿನಲ್ಲಿ ತಲೆಯೆತ್ತಿದರೆ ಚಾವಣಿಯ ಒಂದೊಂದು ಅಂಕಣಕ್ಕೂ ಒಂದೊಂದು ವಿನ್ಯಾಸ. ಒಂದರಲ್ಲಿ ಎಸಳೆಸಳಾಗಿ ಬಿಚ್ಚಿಕೊಳ್ಳುವ ಬಾಳೆಮೂತಿ ಇಳಿಬಿದ್ದಿದೆ. "ಇದನ್ನು ಕೆತ್ತಿದವನು ಬಾಳೆಮೂತಿ ಬಿಡಿಸುವುದನ್ನು ಅಡುಗೆಮನೆಯಲ್ಲಿ ಕೂತು ನೋಡಿದ್ದಾನೆ ಕಣೇ" ಎಂದು ನನ್ನ ಭುಜ ತಟ್ಟಿದರು.

ಹೊರಗೆ ಬಂದಾಗ ಮಾರ್ಗದರ್ಶಿಯು ಒಂದು ಮೂರ್ತಿಯ ಪೀಠದ ಕೆಳಗಿನ ಅಕ್ಷರಗಳನ್ನು ತೋರಿಸಿದ. ಶಿಲ್ಪಿ ಮಲ್ಲಿತಮ್ಮನ ಹೆಸರು ಅದು. ಈ ಗುಡಿಯ ನಲವತ್ತಕ್ಕೂ ಹೆಚ್ಚು ಮೂರ್ತಿಗಳ ಮೇಲೆ ಅವನ ಅಂಕಿತವಿದೆ. ಮಸಣಿತಮ್ಮ, ಚೌಡೆಯ, ಬಲ್ಲೆಯ ಮೊದಲಾದ ಇತರರ ಹೆಸರುಗಳೂ ಇವೆ. ದೇವಾಲಯ ಕಟ್ಟಿಸಿದ ಅರಸರ ಹೆಸರು ಉಳಿಯುವುದು ಸಾಮಾನ್ಯ. ಕಟ್ಟಿದವರ ಹೆಸರು ಉಳಿದಿರುವುದು ಹೊಯ್ಸಳರ ಗುಡಿಗಳ ವಿಶೇಷ.

ಅತ್ತೆಯವರು ಬಹಳ ಹೊತ್ತು ಆ ಅಕ್ಷರಗಳನ್ನೇ ನೋಡಿದರು. ಆಮೇಲೆ, "ಹೆಸರು ಬರೆದದ್ದು ಒಳ್ಳೇದಾಯಿತು. ಇಷ್ಟು ಜನಕ್ಕೂ ದಿನಾ ಬುತ್ತಿ ಕಟ್ಟಿ ಕಳಿಸಿದವರು ಯಾರೋ!" ಎಂದರು.

ಹೊರಗಿನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಪುಳಿಯೋಗರೆ, ಮೊಸರನ್ನ, ಬಾಳಕದ ಮೆಣಸಿನಕಾಯಿ. ಈ ಸಲ ಕಟ್ಟಿದವಳು ನಾನು. ಮೊದಲ ಎಲೆ ಹಾಕಿದ್ದು ಅತ್ತೆಯವರಿಗೆ. ಅವರು ಒಂದು ತುತ್ತು ಬಾಯಿಗಿಟ್ಟು, "ಹುಳಿ ಸ್ವಲ್ಪ ಮುಂದಾಗಿದೆ" ಎಂದು ತೀರ್ಪು ಕೊಟ್ಟು, ಎರಡನೆಯ ಸಲ ಹಾಕಿಸಿಕೊಂಡರು.

ಅಲ್ಲಿಂದ ತಲಕಾಡಿಗೆ ಹೋಗುವುದೆಂದು ನಮ್ಮವರ ಪಟ್ಟಿಯಲ್ಲಿತ್ತು. ಅಲ್ಲಿ ಕಾವೇರಿಯ ದಡದ ಮರಳಿನಲ್ಲಿ ಹೂತ ಗುಡಿಗಳಿಗೆ ಕಾಲೆಳೆಯುತ್ತ ನಡೆಯಬೇಕು. ಅತ್ತೆಯವರ ಹೆಜ್ಜೆಯನ್ನು ನೋಡಿ ಅವರೇ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಮೂರು ಗಂಟೆಗೆ ಮನೆ ಸೇರಿದೆವು. ಸಂಜೆ ದೇವರಾಜ ಮಾರುಕಟ್ಟೆಗೆ ಹೋಗಿ ಪ್ರಯಾಣದ ಸಾಮಾನು ತಂದವರು ನಾನು ಮತ್ತು ಮಗಳು: ಕರ್ಪೂರ, ಊದುಬತ್ತಿ, ಕಾಶಿಯಲ್ಲಿ ಸಿಕ್ಕದೆಂದು ಮೈಸೂರಿನ ವೀಳ್ಯದೆಲೆ, ಅತ್ತೆಯವರ ಮಂಡಿಗೆ ಎಳ್ಳೆಣ್ಣೆ.

ನದಿಯ ಮೇಲೊಂದು ಬೆಳಗು

ಭಾನುವಾರ ರಂಗನತಿಟ್ಟಿಗೆ ಹೋದಾಗ ದೋಣಿಗಳು ಆಗಷ್ಟೇ ಹೊರಡುತ್ತಿದ್ದುವು. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಇಲ್ಲಿ ಕಿರುದ್ವೀಪಗಳು ಮೂಡಿದುವು. ಮನುಷ್ಯರಿಗೆ ನಿಲುಕದ ಆ ತಿಟ್ಟುಗಳನ್ನು ಹಕ್ಕಿಗಳು ತಮ್ಮದಾಗಿಸಿಕೊಂಡುವು. ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರ ಸಲಹೆಯ ಮೇರೆಗೆ ಮೈಸೂರು ಸಂಸ್ಥಾನವು 1940ರಲ್ಲಿ ಇದನ್ನು ಪಕ್ಷಿಧಾಮವನ್ನಾಗಿ ಮಾಡಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ವಿಸ್ತೀರ್ಣ ಒಂದು ಚದರ ಕಿಲೋಮೀಟರೂ ಇಲ್ಲ. ಅಷ್ಟರಲ್ಲೇ ಒಂದು ಮಹಾನಗರದ ಗದ್ದಲ.

ದೋಣಿ ಹತ್ತುವುದು ಎರಡನೆಯ ಪರೀಕ್ಷೆ. ಅಂಬಿಗನು ಕೈ ನೀಡಿ, "ಬನ್ನಿ ಅಮ್ಮಾರೆ, ಮೊದಲು ಒಳ್ಳೆ ಕಾಲು ಇಡಿ" ಎಂದ. ಹತ್ತಿ ಕುಳಿತದ್ದೇ ತಡ, ಅತ್ತೆಯವರಿಗೆ ಮಂಡಿ ಮರೆತುಹೋಯಿತು. ಬಣ್ಣದ ಕೊಕ್ಕರೆಗಳು ಕಡ್ಡಿಗಳನ್ನು ಕಚ್ಚಿ ತಂದು ಗೂಡು ಕಟ್ಟುತ್ತಿದ್ದುವು. ಬಾಯ್ಕಳಕ ಕೊಕ್ಕರೆಯ ಎರಡು ಕೊಕ್ಕುಗಳ ನಡುವೆ ಸದಾ ಸಂದಿರುತ್ತದೆ. ಅದರ ಆಹಾರ ಹೆಚ್ಚಾಗಿ ನೀರಿನ ಬಸವನಹುಳು. ಚಮಚದ ಕೊಕ್ಕಿನ ಹಕ್ಕಿಯು ನೀರಿನಲ್ಲಿ ಕೊಕ್ಕನ್ನು ಅತ್ತಿತ್ತ ಆಡಿಸುವುದನ್ನು ನೋಡಿ, "ಪಾಯಸ ಕೈಯಾಡಿಸಿದ ಹಾಗೆ" ಎಂದರು. ಹೆಜ್ಜಾರ್ಲೆಗಳು ತಲೆಯ ಮೇಲೆ ಹಾದಾಗ ರೆಕ್ಕೆಯ ಗಾಳಿ ಕೇಳಿಸಿತು. ಬಂಡೆಯೆಂದು ತಿಳಿದದ್ದು ಬಾಯಿ ತೆರೆದುಕೊಂಡು ಬಿಸಿಲು ಕಾಯಿಸುತ್ತಿದ್ದ ಮೊಸಳೆಯೆಂದು ಗೊತ್ತಾದಾಗ ಮಗಳು ಅಜ್ಜಿಗೆ ಅಂಟಿಕೊಂಡಳು. ಅಜ್ಜಿ ದೋಣಿಗೆ ಅಂಟಿಕೊಂಡರು.

ಶ್ರೀರಂಗಪಟ್ಟಣ ಅಲ್ಲಿಂದ ಬಹು ಹತ್ತಿರ. ಕಾವೇರಿಯ ಎರಡು ಕವಲುಗಳು ಬಳಸಿದ ದ್ವೀಪದ ಈ ಊರಿನಲ್ಲಿ ಪ್ರತಿ ಹೆಜ್ಜೆಗೂ ಚರಿತ್ರೆ ಎಡವುತ್ತದೆ. ಆದಿರಂಗನ ದರ್ಶನ ಮಾಡಿ, ಟಿಪ್ಪುವು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ತಿಗೆ ಹೋದೆವು. 1780ರ ಪೊಳ್ಳಿಲೂರಿನ ಯುದ್ಧದ ಚಿತ್ರವು ಅಲ್ಲಿಯ ಗೋಡೆಯನ್ನು ತುಂಬಿದೆ: ಸಾಲುಸಾಲು ಕುದುರೆಗಳು, ಪಲ್ಲಕ್ಕಿಯಲ್ಲಿ ಕುಳಿತ ಆಂಗ್ಲ ಸೇನಾಪತಿ. ಆ ಗೆಲವಿನಿಂದ 19 ವರ್ಷಕ್ಕೆ, 1799ರ ಮೇ 4ರಂದು, ಟಿಪ್ಪು ಇದೇ ಊರಿನ ಕೋಟೆಯಲ್ಲಿ ಹೋರಾಡುತ್ತ ಮಡಿದನು. ಗೆದ್ದ ಚಿತ್ರ ಗೋಡೆಯ ಮೇಲಿದೆ, ಸೋತ ನೆಲ ಕಾಲ ಕೆಳಗಿದೆ.

ದ್ವೀಪದ ಪೂರ್ವದ ತುದಿಯಲ್ಲಿ ನದಿಯ ಕವಲುಗಳು ಮತ್ತೆ ಕೂಡುವ ಸಂಗಮ. ಅತ್ತೆಯವರು ಒಬ್ಬರ ಕೈಯೂ ಹಿಡಿಯದೆ ಅಲ್ಲಿಯ ಮೆಟ್ಟಿಲುಗಳನ್ನು ಇಳಿದರು. ಕಾಲು ನೀರಿಗಿಟ್ಟು ಅರ್ಧ ಗಂಟೆ ಕುಳಿತರು. ಸೆರಗಿನ ಮರೆಯಿಂದ ಒಂದು ತಾಮ್ರದ ಗಿಂಡಿ ಹೊರಬಂತು. ಮನೆಯಿಂದ ಹೊರಡುವಾಗ ನಾವಾರೂ ಅದನ್ನು ನೋಡಿರಲಿಲ್ಲ. ಸೇತುವಿನ ಮರಳನ್ನು ಗಂಗೆಗೂ ಗಂಗೆಯ ನೀರನ್ನು ರಾಮೇಶ್ವರಕ್ಕೂ ಒಯ್ಯುವುದು ಹಳೆಯ ಪದ್ಧತಿ. "ಬರಿಗೈಲಿ ಹೋಗೋದು ಹೇಗೆ? ಇವಳನ್ನು ಅವಳಿಗೆ ತೋರಿಸಬೇಕು" ಎಂದು ಗಿಂಡಿಗೆ ಕಾವೇರಿಯನ್ನು ತುಂಬಿಕೊಂಡರು.

ಬಿಟ್ಟುಹೋದ ಕನ್ನಂಬಾಡಿ

ಗಂಟೆ ಹನ್ನೆರಡಾಗಿತ್ತು. ಪಟ್ಟಿಯಲ್ಲಿ ಉಳಿದದ್ದು ಕನ್ನಂಬಾಡಿ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿದ್ದಾಗ 1911ರಲ್ಲಿ ಆರಂಭವಾದ ಅಣೆಕಟ್ಟು. ಸಿಮೆಂಟಿನ ಬದಲು ಸುರ್ಕಿಗಾರೆಯಿಂದ ಕಟ್ಟಿದ, ಎರಡೂವರೆ ಕಿಲೋಮೀಟರಿಗೂ ಉದ್ದದ ಗೋಡೆ. ಅದರ ಬುಡದಲ್ಲಿ ಮಿರ್ಜಾ ಇಸ್ಮಾಯಿಲರ ಕಾಲದ ಬೃಂದಾವನ, ಸಂಜೆಯ ಬಣ್ಣದ ಕಾರಂಜಿಗಳು. ಮಗಳು ಎರಡು ದಿನದಿಂದ ಕಾದದ್ದು ಆ ಕಾರಂಜಿಗಳಿಗೆ.

ಅತ್ತೆಯವರು ಬರುತ್ತೇನೆಂದರು. ಆದರೆ ಕಾರಿನಿಂದ ಇಳಿಯುವಾಗ ಬಾಗಿಲನ್ನು ಎರಡು ಕೈಯಲ್ಲಿ ಹಿಡಿಯತೊಡಗಿದ್ದರು. ನಮ್ಮವರು, "ಇವತ್ತು ಬೇಡಮ್ಮ. ಕನ್ನಂಬಾಡಿ ಎಲ್ಲಿಗೆ ಓಡಿ ಹೋಗುತ್ತೆ?" ಎಂದರು. ಮಗಳ ಮುಖ ಸಣ್ಣದಾಯಿತು.

"ಐವತ್ತು ವರ್ಷ ನಾನೂ ಇದೇ ಮಾತು ಹೇಳಿದೆ ಕಣೋ" ಎಂದರು ಅತ್ತೆಯವರು. "ಅದು ಓಡಿ ಹೋಗಲ್ಲ, ನಿಜ. ನಾವು ಓಡಿ ಹೋಗ್ತೀವಿ. ಕಾಶಿಯಿಂದ ಬಂದ ಮೊದಲನೇ ಭಾನುವಾರ ಅಂತ ಬರೆದಿಡು."

ಮಗಳು ಅಲ್ಲೇ ತಾರೀಖು ಎಣಿಸಿ ಹೇಳಿದಳು. ಆಮೇಲೆ ಅವಳ ಮುಖ ತಿಳಿಯಾಯಿತು. "ಇನ್ನೊಂದು ಸಲ" ಎಂಬ ಮಾತಿಗೂ ತಾರೀಖು ಹಾಕಿದ ಮಾತಿಗೂ ಇರುವ ಅಂತರ ಮಕ್ಕಳಿಗೆ ಚೆನ್ನಾಗಿ ಗೊತ್ತು.

ಮಧ್ಯಾಹ್ನ ಮನೆಯಲ್ಲಿ ನಿದ್ರೆ, ಮಂಡಿಗೆ ಎಣ್ಣೆ, ಬಿಸಿನೀರು. ಸಂಜೆ ಏಳಕ್ಕೆ ಅರಮನೆಯ ಮುಂದೆ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ನನ ವಿನ್ಯಾಸದಂತೆ 1912ರ ಹೊತ್ತಿಗೆ ಎದ್ದ ಕಟ್ಟಡ ಇದು. ಕತ್ತಲಲ್ಲಿ ಜನ ಗುಜುಗುಜು ಮಾತಾಡುತ್ತಿರುವಂತೆಯೇ ಸುಮಾರು ಒಂದು ಲಕ್ಷ ದೀಪಗಳು ಒಂದೇ ಕ್ಷಣಕ್ಕೆ ಹೊತ್ತಿಕೊಂಡುವು. ಇಡೀ ಬಯಲು "ಹಾ!" ಎಂದಿತು. ಅತ್ತೆಯವರು ಕಲ್ಲುಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ನೋಡಿದರು. ದಸರೆಯ ನೂಕುನುಗ್ಗಲಿನಲ್ಲಿ ಈ ದೀಪಗಳನ್ನು ಅವರು ಎಷ್ಟೋ ಸಲ ಕಂಡಿದ್ದರು. ಕುಳಿತು ಕಂಡದ್ದು ಅಂದೇ ಮೊದಲು.

ಮಂಡಿ ಹೇಳಿದ್ದು

ಸೋಮವಾರ ಬೆಳಗ್ಗೆ ಮಂಡಿ ಸ್ವಲ್ಪ ಊದಿತ್ತು. ನಾವು ಮುಖ ಮುಖ ನೋಡಿಕೊಂಡೆವು. ವೈದ್ಯರು ಒತ್ತಿ, ಮಡಿಸಿ ನೋಡಿ, ಎರಡು ದಿನ ಏನೇನು ನಡೆಯಿತೆಂದು ಕೇಳಿದರು. ಅತ್ತೆಯವರು ಒಂದೂ ಬಿಡದೆ ಹೇಳಿದರು: ಮುನ್ನೂರು ಮೆಟ್ಟಿಲು, ಎಷ್ಟು ಕಡೆ ಕುಳಿತದ್ದು, ದೋಣಿ, ಸಂಗಮ. "ಕುಳಿತು ಕುಳಿತು ಹೋಗುವುದಾದರೆ ಹೋಗಿ ಬನ್ನಿ" ಎಂದರು ವೈದ್ಯರು.

ಆ ಒಂದು ಮಾತಿನಿಂದ ನಮ್ಮ ಪ್ರವಾಸದ ರೂಪವೇ ಬದಲಾಯಿತು. ಮೊದಲಿನ ಯೋಜನೆಯಲ್ಲಿ ಎಂಟು ದಿನಗಳಿಗೆ ಕಾಶಿ, ಪ್ರಯಾಗ, ಗಯಾ, ಅಯೋಧ್ಯೆ ನಾಲ್ಕೂ ಇದ್ದುವು. ನಮ್ಮವರು ಕೆಂಪು ಪೆನ್ಸಿಲಿನಿಂದ ಎರಡನ್ನು ಹೊಡೆದುಹಾಕಿ, ಕಾಶಿ ಮತ್ತು ಪ್ರಯಾಗ ಎರಡನ್ನೇ ಉಳಿಸಿದರು. ಬೆಳಗ್ಗೆ ಒಂದು ಘಾಟು, ಸಂಜೆ ಒಂದು, ನಡುವೆ ವಿಶ್ರಾಂತಿ. ಈ ಲೆಕ್ಕ ನಮಗೆ ದೊರೆತದ್ದು ಯಾವ ಪ್ರವಾಸದ ಕೈಪಿಡಿಯಿಂದಲೂ ಅಲ್ಲ, ಚಾಮುಂಡಿಬೆಟ್ಟದ ಮೆಟ್ಟಿಲುಗಳಿಂದ.

ದೂರದ ಪ್ರವಾಸಕ್ಕೆ ಹೊರಡಲಿರುವ ವಾಚಕರಿಗೆ ಇಷ್ಟನ್ನು ಹೇಳಬೇಕೆನ್ನಿಸುತ್ತದೆ. ಹೊರಡುವ ಹಿಂದಿನ ವಾರ ಊರ ಸುತ್ತಲೇ ಎರಡು ದಿನ ತಿರುಗಾಡಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಯನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಮನೆಯಲ್ಲಿ ಸದಾ ಬುತ್ತಿ ಕಟ್ಟುವವರು ಯಾರೋ, ಅವರನ್ನು ಮೊದಲು ಕಾರಿಗೆ ಹತ್ತಿಸಿ.

ಇದಕ್ಕೆ ಮೈಸೂರೇ ಆಗಬೇಕೆಂದಿಲ್ಲ. ಬೆಂಗಳೂರಿನವರಿಗೆ ಬೇಗೂರಿನ ನಾಗೇಶ್ವರ ದೇವಾಲಯವಿದೆ. ಬೆಂಗಳೂರೆಂಬ ಹೆಸರನ್ನು ಹೊತ್ತ, ಸಾವಿರ ವರ್ಷಕ್ಕೂ ಹಿಂದಿನ ಶಾಸನ ದೊರೆತದ್ದು ಅಲ್ಲಿ. ಮಂಗಳೂರಿನವರಿಗೆ ಕದ್ರಿಯಲ್ಲಿ 968ರ ಇಸವಿಯ ಲೋಕೇಶ್ವರನ ಲೋಹಮೂರ್ತಿ ಇದೆ. ಹುಬ್ಬಳ್ಳಿಯವರಿಗೆ ಉಣಕಲ್ಲಿನಲ್ಲಿ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರನಿದ್ದಾನೆ. ಸಿಟಿ ಬಸ್ಸಿನಲ್ಲೇ ಹೋಗಿ ಬರಬಹುದಾದ ಸ್ಥಳಗಳಿವು. ಕೇಳಿ ನೋಡಿದರೆ ಆ ಊರುಗಳಲ್ಲೇ ಹುಟ್ಟಿ ಬೆಳೆದು, ಅವನ್ನು ಕಾಣದವರು ಎಷ್ಟು ಜನವೋ. ಇಂಥ ಪ್ರತಿ ಸ್ಥಳಕ್ಕೂ ಕ್ಯಾಲೆಂಡರಿನಲ್ಲಿ ಒಂದು ಭಾನುವಾರವನ್ನು ಗುರುತು ಹಾಕಿಟ್ಟರೆ ಸಾಕು.